ಹೇಮಂತದ ಆಯವ್ಯಯ

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಮಾರ್ಗಶಿರ, ಪುಷ್ಯಮಾಸಗಳಲ್ಲಿ ಬರುವ ಚಳಿಯು ದೇಹಕ್ಕೂ ಮನಸ್ಸಿಗೂ ಹಿತವಾದದ್ದೆಂದು ನಾನಾ ಸೀಮೆಗಳಿಂದ ಬಂದವರು ಬಹುಕಾಲದಿಂದ ಹೊಗಳಿಕೊಂಡು ಬಂದಿದ್ದಾರೆ. ಆ ಹೊಗಳಿಕೆಯಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಹವಾಮಾನದ ದಾಖಲೆಗಳ ಪ್ರಕಾರ ಇಲ್ಲಿಯ ಉಷ್ಣಮಾನ ಅತ್ಯಂತ ಕೆಳಕ್ಕೆ ಇಳಿದದ್ದು 1884ರ ಜನವರಿ 13ರಂದು, 7.8 ಡಿಗ್ರಿಗೆ, ಅಷ್ಟು ಕೊರೆಯುವ ಚಳಿ ಆಮೇಲೆ ಈ ಊರಿಗೆ ಬಂದದ್ದಿಲ್ಲ. ಆದರೆ ಚಳಿಯ ಭಾರವನ್ನು ತೂಗುವುದಕ್ಕೆ ಉಷ್ಣಮಾಪಕವೊಂದೇ ಸಾಲದು. ಸೂರ್ಯೋದಯಕ್ಕೆ ಮುಂಚೆ ಎದ್ದು, ಒಲೆ ಹೊತ್ತಿಸಿ, ಅಡುಗೆ ಮುಗಿಸಿ, ಉಬ್ಬಸದ ಮಗುವೊಂದನ್ನು ಮನೆಯಲ್ಲಿ ಬಿಟ್ಟು, ಕಾರ್ಖಾನೆಯ ಬಸ್ಸಿಗೆ ನಿಲ್ಲಬೇಕಾದ ಹೆಂಗಸಿಗೆ ಹೇಮಂತವೆಂಬುದು ಒಂದು ಋತುವಷ್ಟೇ ಅಲ್ಲ. ಸೌದೆ, ಔಷಧಿ, ಸಂಬಳ ಎಂಬ ಮೂರು ಲೆಕ್ಕಗಳು ಒಂದರೊಳಗೊಂದು ಹೆಣೆದುಕೊಂಡು ಎದುರಿಗೆ ಬಂದು ನಿಲ್ಲುವ ಕಾಲ ಅದು. ಅಂಥ ಅನೇಕ ಚಳಿಗಾಲಗಳನ್ನು ನಾನು ಮತ್ತೀಕೆರೆಯ ಬಾಡಿಗೆಯ ಮನೆಯಲ್ಲಿ ಕಳೆದೆ. ಅವುಗಳ ಪೈಕಿ 1980ರ ಕೊನೆಯಲ್ಲಿ ಬಂದದ್ದನ್ನು ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಆಸೆಯಿತ್ತು.

ಬೆಂಗಳೂರಿನ ಉತ್ತರ ಭಾಗದ ಸ್ವರೂಪವನ್ನು ಬದಲಾಯಿಸಿದವು ಕಾರ್ಖಾನೆಗಳು. ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಮರುವರ್ಷವೇ ಅದರ ನೆರೆಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ.ಯು ಕೈಗಡಿಯಾರಗಳನ್ನು ತಯಾರಿಸತೊಡಗಿತು. ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಇದ್ದ ಸೀಮೆಯ ಹಾದಿಗಳಲ್ಲಿ, ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸರು ಬೆಳಗಿನ ಹೊತ್ತು ಗುಂಪುಗುಂಪಾಗಿ ನಡೆದು ಹೋಗುವ ದೃಶ್ಯ ಅಲ್ಲಿಂದ ಮುಂದೆ ಸಾಮಾನ್ಯವಾಯಿತು. ಗಡಿಯಾರದ ಬಿಡಿಭಾಗಗಳನ್ನು ಜೋಡಿಸುವ ಕೆಲಸಕ್ಕೆ ಹೆಂಗಸರ ಬೆರಳುಗಳೇ ತಕ್ಕವೆಂಬ ನಂಬಿಕೆ ಆಗ ಇತ್ತು. ಆ ನಂಬಿಕೆಗೆ ಶಾಸ್ತ್ರದ ಆಧಾರವಿತ್ತೋ ಇಲ್ಲವೋ, ಅದರಿಂದ ನಮ್ಮಂಥ ಸಾವಿರಾರು ಮಂದಿಗೆ ಸ್ವಂತ ಸಂಬಳದ ಲಕೋಟೆಯನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಲಭಿಸಿತು. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಬಂದಿದ್ದ ನಾನು ಆ ಸಾವಿರಾರು ಮಂದಿಯಲ್ಲಿ ಒಬ್ಬಳು. ನಮ್ಮ ಮನೆಯವರು ಮಲ್ಲೇಶ್ವರದ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಅವರ ಸಂಬಳ ನನ್ನದಕ್ಕಿಂತ ಕಡಿಮೆ. ಇದನ್ನು ಅವರು ಒಂದು ದಿನವೂ ಮನಸ್ಸಿಗೆ ಹಚ್ಚಿಕೊಂಡದ್ದಿಲ್ಲವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಗಡಿಯಾರ ಜೋಡಿಸುವ ಆ ಹಜಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಏಕೆಂದರೆ ಮುಂದೆ ಹೇಳಬೇಕಾದದ್ದಕ್ಕೆಲ್ಲ ಅದು ಬೇಕಾಗುತ್ತದೆ. ಒಳಗೆ ಹೋಗುವ ಮುನ್ನ ಚಪ್ಪಲಿಯನ್ನು ಹೊರಗೆ ಬಿಟ್ಟು, ಬಿಳಿಯ ನಿಲುವಂಗಿ ತೊಟ್ಟು, ತಲೆಗೂದಲು ಒಂದೆಳೆಯೂ ಹೊರಗೆ ಕಾಣದಂತೆ ಟೋಪಿ ಹಾಕಿಕೊಳ್ಳಬೇಕಾಗಿತ್ತು. ಗಾಳಿಯನ್ನು ಶೋಧಿಸಿ, ತಂಪನ್ನು ಒಂದೇ ಮಟ್ಟದಲ್ಲಿ ಕಾಪಾಡಿ ಒಳಗೆ ಬಿಡುತ್ತಿದ್ದರು. ಒಂದು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಲ್ಲಿ ಕೂದಲಿಗಿಂತ ನವಿರಾದ ಹೇರ್‌ಸ್ಪ್ರಿಂಗನ್ನು ಹಿಡಿದು ಅದರ ಜಾಗದಲ್ಲಿ ಕೂರಿಸುವಾಗ ಉಸಿರನ್ನು ಸಹ ಬಿಗಿಹಿಡಿಯಬೇಕು. ಉಸಿರಿನ ತೇವ ತಗುಲಿದರೂ ಉಕ್ಕು ಕಿಲುಬು ಹಿಡಿಯಬಹುದು, ಧೂಳಿನ ಒಂದು ಕಣ ಹಲ್ಲುಗಾಲಿಯಲ್ಲಿ ಸೇರಿದರೂ ಗಡಿಯಾರ ನಿಲ್ಲಬಹುದು. ಜನತಾ ಎಂಬ ಹೆಸರಿನ ನಮ್ಮ ಗಡಿಯಾರ 17 ಕಲ್ಲಿನದು. ಅದರ ಎದೆಯ ಚಕ್ರ ಗಂಟೆಗೆ 18,000 ಸಲ ಮಿಡಿಯುತ್ತಿತ್ತು. ಮಿಡಿತ ತಪ್ಪದೆ ನಡೆಯುವ ಗಡಿಯಾರವೊಂದು ನನ್ನ ಕೈಯಿಂದ ಮುಂದಿನವಳ ಕೈಗೆ ಹೋಗುವಾಗ ಆಗುತ್ತಿದ್ದ ಸಂತೋಷವು ಸಂಬಳಕ್ಕೆ ಸಂಬಂಧಪಟ್ಟದ್ದಲ್ಲ. ಊರೂರುಗಳಲ್ಲಿ ಮದುವೆಯ ವರನಿಗೆ, ಪರೀಕ್ಷೆ ಪಾಸಾದ ಹುಡುಗನಿಗೆ ಈ ಗಡಿಯಾರವನ್ನೇ ಕೊಡುತ್ತಾರೆಂದು ಬಲ್ಲೆವಾದ್ದರಿಂದ, ಅದನ್ನು ಕಟ್ಟಿದ ಕೈ ನಮ್ಮದೆಂಬ ಅಭಿಮಾನ ಆ ಸಾಲಿನಲ್ಲಿ ಕುಳಿತ ಪ್ರತಿಯೊಬ್ಬಳಿಗೂ ಇತ್ತು.

ಇನ್ನು ಮನೆಯ ಒಳಗು. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು. ಅತ್ತೆಯವರು, ನಾವಿಬ್ಬರು, ಮೂರನೆಯ ತರಗತಿಯ ಮಗಳು, ಐದು ತುಂಬಿದ ಮಗ. ಸೀಮೆಎಣ್ಣೆಗೆ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿದ್ದ ಕಾಲ ಅದು. ಸಿಕ್ಕಿದ ಎಣ್ಣೆ ತಿಂಗಳ ಕೊನೆಯವರೆಗೆ ಬರುತ್ತಿರಲಿಲ್ಲ. ಆದಕಾರಣ ನಮ್ಮ ಬೀದಿಯ ಬಹುತೇಕ ಮನೆಗಳಂತೆ ನಮ್ಮಲ್ಲಿಯೂ ಹೊಟ್ಟಿನ ಒಲೆ ಇತ್ತು. ಯಶವಂತಪುರದ ಮರದ ಮಿಲ್ಲುಗಳಿಂದ ಗೋಣಿಚೀಲದಲ್ಲಿ ತಂದ ಮರದ ಹೊಟ್ಟನ್ನು, ಡಬ್ಬದಾಕಾರದ ಒಲೆಯ ನಡುವೆ ಒಂದು ಸೀಸೆಯನ್ನು ನಿಲ್ಲಿಸಿ ಅದರ ಸುತ್ತಲೂ ಗಟ್ಟಿಯಾಗಿ ತುಂಬಿ, ಸೀಸೆಯನ್ನು ಮೆಲ್ಲನೆ ತಿರುಗಿಸುತ್ತ ಮೇಲೆತ್ತಿದರೆ ನಡುವೆ ಒಂದು ಕೊಳವೆ ಉಳಿಯುತ್ತದೆ. ಬೆಂಕಿ ಆ ಕೊಳವೆಯ ಗೋಡೆಯನ್ನು ನಿಧಾನವಾಗಿ ತಿನ್ನುತ್ತ ಎರಡು ಮೂರು ಗಂಟೆ ಉರಿಯುತ್ತದೆ. ಒಂದು ತುಂಬಿಗೆ ಅನ್ನ, ಸಾರು, ಮುದ್ದೆ, ಕೊನೆಗೆ ಸ್ನಾನದ ಒಂದು ಪಾತ್ರೆ ನೀರು ಎಲ್ಲವೂ ಆಗುತ್ತಿದ್ದುವು. ಖರ್ಚಿನ ದೃಷ್ಟಿಯಿಂದ ಅದಕ್ಕಿಂತ ಉಪಕಾರಿಯಾದ ಒಲೆ ಮತ್ತೊಂದಿರಲಿಲ್ಲ. ಆದರೆ ಹೊಟ್ಟು ತೇವಗೊಂಡಿತೋ, ಆ ದಿನದ ಹೊಗೆಯನ್ನು ಹೇಳತೀರದು. ಮಾರ್ಗಶಿರದ ಇಬ್ಬನಿಗೆ ಹಿತ್ತಿಲಲ್ಲಿಟ್ಟ ಹೊಟ್ಟು ತೇವಗೊಳ್ಳದೆ ಇರುತ್ತಿರಲಿಲ್ಲ.

ಆ ಇಬ್ಬನಿಯೇ ಅವರೆಕಾಯಿಗೆ ಸೊಗಡು ತರುವುದು. ಊರಿನಿಂದ ಮಾವನವರು ಚೀಲದಲ್ಲಿ ಕಳುಹಿಸುತ್ತಿದ್ದ ಕಾಯನ್ನು ರಾತ್ರಿ ಊಟವಾದ ಮೇಲೆ ಎಲ್ಲರೂ ಸುತ್ತ ಕುಳಿತು ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿ, ಮರುದಿನ ಇದುಕಿ ಬೇಳೆ ಮಾಡುವ ಕೆಲಸ ಅತ್ತೆಯವರದು. ರಾಗಿಯೂ ಊರಿನದೇ. ರಾಗಿ ಲಕ್ಷ್ಮಣಯ್ಯನವರೆಂದೇ ಜನ ಕರೆಯುತ್ತಿದ್ದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕದ ತಳಿಯನ್ನು ಕೂಡಿಸಿ ಹೊರತಂದ ಇಂಡಾಫ್ ಬೀಜವನ್ನು ಮಾವನವರು ಆ ವರ್ಷಗಳಲ್ಲಿ ಬಿತ್ತುತ್ತಿದ್ದರು. ಕಣದಲ್ಲಿ ರಾಶಿ ಹೆಚ್ಚಿದುದರಿಂದ ನಮ್ಮ ಪಟ್ಟಣದ ಮನೆಗೂ ಒಂದು ಮೂಟೆ ಹೆಚ್ಚಾಗಿ ಬಂತು. ಸಂಶೋಧಕರ ಒಂದು ಬೀಜ ದೂರದ ಮತ್ತೀಕೆರೆಯಲ್ಲಿ ಒಬ್ಬ ಹೆಂಗಸಿನ ತಿಂಗಳ ಲೆಕ್ಕವನ್ನು ಹಗುರ ಮಾಡುತ್ತದೆಂಬುದನ್ನು ಅವರು ಅರಿತಿದ್ದರೋ ಏನೋ. ನನಗಂತೂ ಆ ಋಣದ ಅರಿವು ಇದೆ.

ಮಗನಿಗೆ ಉಬ್ಬಸ ಕಾಣಿಸಿಕೊಂಡದ್ದು ಅವನ ಮೂರನೆಯ ವಯಸ್ಸಿನಲ್ಲಿ. ವರ್ಷದ ಉಳಿದ ಕಾಲದಲ್ಲಿ ಎಲ್ಲ ಮಕ್ಕಳಂತೆ ಓಡಿಯಾಡುತ್ತಿದ್ದವನು, ಕಾರ್ತಿಕ ಕಳೆಯಿತೆಂದರೆ ರಾತ್ರಿಯ ಮೂರನೆಯ ಜಾವದಲ್ಲಿ ಎದ್ದು ಕೂರುತ್ತಿದ್ದ. ಮಲಗಿದರೆ ಉಸಿರು ಸಿಗದು. ದಿಂಬನ್ನು ಮಡಿಲಲ್ಲಿಟ್ಟುಕೊಂಡು ಮುಂದಕ್ಕೆ ಬಾಗಿ, ಹೆಗಲನ್ನು ಮೇಲೆತ್ತಿ ಉಸಿರೆಳೆಯುವಾಗ ಅವನ ಎದೆಯೊಳಗಿನ ಸುಯ್ಯೆಂಬ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ವೀಳ್ಯದೆಲೆಯ ರಸಕ್ಕೆ ಜೇನು ಬೆರೆಸಿ ಅತ್ತೆಯವರು ನೆಕ್ಕಿಸುವರು. ಮೆಣಸಿನ ಕಷಾಯ ಕುಡಿಸುವರು. ಎದೆಗೆ ಬಿಸಿಬಟ್ಟೆಯ ಕಾವು ಕೊಡುವರು. ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಕರೆದೊಯ್ದು ಮೀನಿನ ಮದ್ದು ನುಂಗಿಸಿರೆಂದು ನೆರೆಯವರ ಸಲಹೆ. ವೈದ್ಯರು ಬರೆದುಕೊಟ್ಟ ಡೆರಿಫಿಲಿನ್ ಮಾತ್ರೆಯ ಅರ್ಧವನ್ನು ಪುಡಿ ಮಾಡಿ ಕೊಟ್ಟರೆ ಸ್ವಲ್ಪ ಹೊತ್ತಿಗೆ ಉಸಿರು ಸಡಿಲವಾಗಿ ಅವನು ನನ್ನ ಭುಜದ ಮೇಲೆಯೇ ನಿದ್ದೆಹೋಗುತ್ತಿದ್ದ. ಅಷ್ಟರಲ್ಲಿ ಒಲೆ ಹಚ್ಚುವ ಹೊತ್ತಾಗಿರುತ್ತಿತ್ತು.

ಚಳಿಗಾಲದಲ್ಲಿ ನೆಲದ ಹತ್ತಿರದ ಗಾಳಿಯು ಮೇಲಿನ ಗಾಳಿಗಿಂತ ತಣ್ಣಗಾಗಿ ಕೆಳಗೇ ಕೂತುಬಿಡುತ್ತದೆ. ಒಲೆಗಳ ಹೊಗೆ, ಬೀದಿಯ ಧೂಳು ಮೇಲೇರಿ ಚೆದರಿ ಹೋಗುವ ಬದಲು ಬೆಳಗಿನವರೆಗೂ ಮನೆಗಳ ಎತ್ತರದಲ್ಲಿಯೇ ತಂಗಿರುತ್ತವೆ. ಇದನ್ನು ನನಗೆ ತಿಳಿಸಿ ಹೇಳಿದವರು ಮಲ್ಲೇಶ್ವರದ ಒಬ್ಬ ವೃದ್ಧ ವೈದ್ಯರು. ಅದಕ್ಕೂ ಬಹುಕಾಲದ ಮೇಲೆ, ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕಗಳ ಕಾಲ ಪರೀಕ್ಷಿಸಿ, ಅವರಲ್ಲಿ ಉಬ್ಬಸವಿದ್ದವರು 1979ರಲ್ಲಿ ಶೇಕಡ 9 ಮಂದಿ ಇದ್ದು 1999ರ ಹೊತ್ತಿಗೆ ಶೇಕಡ 29.5ಕ್ಕೆ ಏರಿದರೆಂದು ಪ್ರಕಟಿಸಿದ್ದನ್ನು ಓದಿದೆ. ನನ್ನ ಮಗ ಆ ಏರಿಕೆಯ ಮೊದಲ ಮೆಟ್ಟಿಲಿನಲ್ಲಿದ್ದ ಮಕ್ಕಳಲ್ಲಿ ಒಬ್ಬ. ಆದರೆ 1980ರಲ್ಲಿ ನನಗೆ ತಿಳಿದಿದ್ದುದು ಇಷ್ಟೇ: ನಾನು ಕೈಯಲ್ಲಿ ಹಿಡಿಯುವ ಗಡಿಯಾರಕ್ಕೆ ಒಂದು ಕಣ ಧೂಳು ತಾಗದಂತೆ ಕಾಯುವ ವಿದ್ಯೆ ಈ ದೇಶಕ್ಕೆ ಬಂದಿದೆ; ಅದನ್ನು ಕಟ್ಟುವವಳ ಮನೆಯ ಮಗುವಿನ ಎದೆಗೆ ಹೊಗೆ ತಾಗದಂತೆ ಕಾಯುವ ಅನುಕೂಲ ಇನ್ನೂ ಬಂದಿಲ್ಲ. ಸಂಜೆ ಬಸ್ಸಿಳಿದು ಗೋಕುಲದ ಕಡೆಯಿಂದ ನಡೆದು ಬರುವಾಗ, ನಮ್ಮ ಬೀದಿಯ ಮೇಲೆ ಹಾಸಿಕೊಂಡಿರುತ್ತಿದ್ದ ಹೊಗೆಯ ಪದರವನ್ನು ಕಂಡು ಈ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಅನಿಲದ ಒಲೆಗೆ ಹೆಸರು ಬರೆಸಿಯಾಗಿತ್ತು; ಸರದಿ ಬರುವುದಕ್ಕೆ ವರ್ಷಗಳೇ ಹಿಡಿಯುತ್ತಿದ್ದುವು. ಸರದಿ ಬಂದಾಗ ಕಟ್ಟಬೇಕಾದ ಠೇವಣಿಗೂ ಒಲೆಯ ಬೆಲೆಗೂ ಆಗಲೆಂದು ನಾನು ಒಂದು ಚೀಟಿಗೆ ಸೇರಿದ್ದೆ.

ಆ ಚೀಟಿ ನಮ್ಮ ಸಾಲಿನ ಹೆಂಗಸರದೇ. ಸಂಬಳದ ದಿನ ಊಟದ ವಿರಾಮದಲ್ಲಿ ಎಲ್ಲರೂ ತಮ್ಮ ಪಾಲಿನ ಹಣ ಕೊಡುವುದು, ಅವಸರವಿದ್ದವಳು ಬಿಟ್ಟುಕೊಟ್ಟು ಎತ್ತುವುದು, ಉಳಿದದ್ದನ್ನು ಹಂಚಿಕೊಳ್ಳುವುದು. ಕಾಗದವಿಲ್ಲ, ರುಜುವಿಲ್ಲ. ಹೆರಿಗೆ, ನಾದಿನಿಯ ಮದುವೆ, ಮಕ್ಕಳ ಶಾಲೆಯ ಫೀಜು, ಊರಿನ ಬಾವಿಯ ದುರಸ್ತಿ, ಇವೆಲ್ಲ ಆ ಚೀಟಿಯಿಂದ ನಡೆದುವು. ಮನೆಯಲ್ಲಿ ನಾನು ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಎಡಗಡೆ ಜಮಾ, ಬಲಗಡೆ ಖರ್ಚು. ಬಾಡಿಗೆ, ಪಡಿತರ, ಹೊಟ್ಟು, ಹಾಲು, ಚೀಟಿ, ಮಗನ ಔಷಧಿ, ಮಗಳ ಶಾಲೆ, ಅತ್ತೆಯವರ ಕಣ್ಣಿನ ಹನಿ. ಚಳಿಗಾಲದ ಪುಟಗಳಲ್ಲಿ ಹೊಟ್ಟು ಮತ್ತು ಔಷಧಿ ಎರಡೂ ಒಟ್ಟಿಗೆ ಏರುವುದು ಕಣ್ಣಿಗೆ ಕಾಣುತ್ತಿತ್ತು. ಒಂದನ್ನು ಇಳಿಸಿದರೆ ಇನ್ನೊಂದು ಇಳಿಯುತ್ತದೆಂಬುದೂ ಗೊತ್ತಿತ್ತು. ಆದರೆ ಇಳಿಸುವ ದಾರಿ ಎರಡು ವರ್ಷದಾಚೆಯ ಸರದಿಯಲ್ಲಿತ್ತು.

ಹೀಗಿರುವಾಗ 1980ರ ಡಿಸೆಂಬರ್ 26ರಂದು ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರ ಮುಷ್ಕರ ಆರಂಭವಾಯಿತು. ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಲ್., ಬಿ.ಇ.ಎಂ.ಎಲ್., ಎಚ್.ಎಂ.ಟಿ. ಎಲ್ಲವೂ ಏಕಕಾಲದಲ್ಲಿ ನಿಂತುವು. ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ದೊರೆತ ವೇತನಕ್ಕೆ ಸಮನಾದ ವೇತನ ಬೇಕೆಂಬುದು ಮುಖ್ಯ ಬೇಡಿಕೆ. ಮಾರ್ಚ್ ತಿಂಗಳಿನವರೆಗೂ, 77 ದಿನಗಳ ಕಾಲ ಅದು ನಡೆಯಿತು. ಆ ಹೋರಾಟದ ರಾಜಕೀಯವನ್ನೂ ಅದರ ಫಲಾಫಲಗಳನ್ನೂ ವಿದ್ವಾಂಸರು ಬರೆದಿದ್ದಾರೆ. ಅದರಲ್ಲಿ ನಾನು ಕೈಹಾಕುವುದಿಲ್ಲ. ಗೇಟಿನ ಮುಂದಿನ ಸಭೆ, ಮೆರವಣಿಗೆ, ಭಾಷಣಗಳ ಚರಿತ್ರೆಯನ್ನು ಬರೆದವರು ಅಡುಗೆಮನೆಗಳಲ್ಲಿ ನಡೆದ ಚರಿತ್ರೆಯನ್ನು ಅಷ್ಟಾಗಿ ಬರೆಯಲಿಲ್ಲವಾದ್ದರಿಂದ, ಆ ಭಾಗವನ್ನು ಮಾತ್ರ ಹೇಳುತ್ತೇನೆ.

ಮೊದಲು ನಿಂತದ್ದು ಚೀಟಿ. ಜನವರಿಯದನ್ನು ನಾನು ಎತ್ತಬೇಕಾಗಿತ್ತು. ಸಂಬಳವೇ ಇಲ್ಲದ ಮೇಲೆ ಕಟ್ಟುವವರು ಯಾರು? ನಮ್ಮ ಸಾಲಿನ ಹಿರಿಯಳೊಬ್ಬಳು ಮನೆಮನೆಗೆ ನಡೆದು ಬಂದು, ಕಾರ್ಖಾನೆ ತೆರೆದ ಮೇಲೆ ನಿಂತ ಕಡೆಯಿಂದಲೇ ಚೀಟಿ ಮುಂದುವರಿಯಲಿ, ಈ ನಡುವೆ ಯಾರೂ ಯಾರನ್ನೂ ಕೇಳುವುದು ಬೇಡವೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಳು. ಆ ಮಾತನ್ನು ಒಬ್ಬಳೂ ಮುರಿಯಲಿಲ್ಲ. ಎರಡನೆಯದಾಗಿ ನನ್ನ ಎರಡೆಳೆಯ ಸರ ಗಿರವಿಯ ಅಂಗಡಿಗೆ ಹೋಯಿತು. ಮೂರನೆಯದು ಶೆಟ್ಟರ ಅಂಗಡಿಯ ಸಾಲ. ಶೆಟ್ಟರು ನನ್ನ ಮುಖ ನೋಡಿಯೇ, "ಕಾರ್ಖಾನೆ ಬಾಗಿಲು ತೆಗೀಲಿ, ಆಮೇಲೆ ನೋಡೋಣ. ಮಕ್ಕಳು ಮನೆಯಲ್ಲಿ ಕಾಯ್ತಿರ್ತವೆ, ತಗೊಂಡ್ಹೋಗಮ್ಮ" ಎಂದರು. ಆ ಚಳಿಗಾಲದಲ್ಲಿ ಯಶವಂತಪುರ, ಮತ್ತೀಕೆರೆ, ಜಾಲಹಳ್ಳಿಗಳ ಎಷ್ಟು ಮನೆಗಳು ಇಂಥ ಸಣ್ಣ ಅಂಗಡಿಗಳ ಸಾಲದ ಪುಸ್ತಕದ ಮೇಲೆ ಬದುಕಿದುವೆಂಬುದನ್ನು ಲೆಕ್ಕ ಹಾಕಿದವರಿಲ್ಲ. ಮುಷ್ಕರವನ್ನು ನಡೆಸಿದವರಲ್ಲಿ ಆ ಅಂಗಡಿಯವರನ್ನೂ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಎದುರು ಮನೆಯ ಅಕ್ಕ ಊದುಬತ್ತಿ ಹೊಸೆಯುತ್ತಿದ್ದರು. ಬೆಂಗಳೂರಿನ ಊದುಬತ್ತಿಗೆ ದೇಶವಿದೇಶಗಳಲ್ಲಿ ಹೆಸರಿದೆ. ಆ ಪರಿಮಳದ ಹಿಂದೆ ಮಣೆಯ ಮುಂದೆ ಬಗ್ಗಿ ಕುಳಿತ ಹೆಂಗಸರ ಬೆನ್ನಿದೆ. ಇದ್ದಿಲ ಪುಡಿಗೆ ಜಿಗಟಿನ ಪುಡಿ ಸೇರಿಸಿ ನೀರಿನಲ್ಲಿ ಕಲಸಿ, ಬಿದಿರಿನ ಕಡ್ಡಿಗೆ ಅಂಗೈಯಿಂದ ಒಂದೇ ಎಳೆತಕ್ಕೆ ಹೊಸೆದು, ಸಾವಿರಕ್ಕೆ ಇಷ್ಟು ಎಂದು ಕೂಲಿ ಪಡೆಯುವ ಕೆಲಸ ಅದು. ಹೇರ್‌ಸ್ಪ್ರಿಂಗ್ ಹಿಡಿದ ನನ್ನ ಬೆರಳಿಗೆ ಆ ಕೆಲಸ ಬೇಗ ಒಗ್ಗಿತು. ಕೂಲಿ ಅಲ್ಪ, ಆದರೂ ಮಗನ ಔಷಧಿಗೆ ಸಾಕಾಗುವಷ್ಟು ಬರುತ್ತಿತ್ತು. ಎದೆಯೊಳಗೆ ಸಂಕಟ ಹುಟ್ಟಿಸಿದ ಸಂಗತಿಯೆಂದರೆ, ಔಷಧಿಗಾಗಿ ಕಲಸುತ್ತಿದ್ದ ಆ ಇದ್ದಿಲ ಪುಡಿಯ ಧೂಳೇ ಮಗುವಿನ ಉಬ್ಬಸವನ್ನು ಕೆರಳಿಸತೊಡಗಿದ್ದು. ಮಣೆ, ಪುಡಿ, ಕಡ್ಡಿ ಎಲ್ಲವನ್ನೂ ಎತ್ತಿಕೊಂಡು ಅಕ್ಕನ ಮನೆಯ ಜಗುಲಿಗೆ ಹೋಗಿ, ಕೊರೆಯುವ ಗಾಳಿಯಲ್ಲಿ ಅಲ್ಲಿಯೇ ಕುಳಿತು ಹೊಸೆದು, ಮನೆಯೊಳಗೆ ಬರುವ ಮುನ್ನ ಬಚ್ಚಲಲ್ಲಿ ತಣ್ಣೀರು ಹೊಯ್ದುಕೊಂಡು ಸೀರೆ ಬದಲಾಯಿಸಿ ಬರುವ ಕ್ರಮವನ್ನು ಮಾಡಿಕೊಂಡೆ. ಕಾರ್ಖಾನೆಯಲ್ಲಿ ಗಡಿಯಾರದ ಸಲುವಾಗಿ ಕಲಿತ ಶಿಸ್ತು ಹೀಗೆ ಮಗನ ಸಲುವಾಗಿ ಉಪಯೋಗಕ್ಕೆ ಬಂತು.

ಸಂಕ್ರಾಂತಿ ಬಂತು. ಸಕ್ಕರೆ ಪಡಿತರದಲ್ಲಿ ಬಂದಷ್ಟೇ. ಅದು ಮಕ್ಕಳ ಹಾಲಿಗೆ ಬೇಕು. ಸಕ್ಕರೆ ಅಚ್ಚು ಮಾಡುವುದು ಆ ವರ್ಷ ಬೇಡವೆಂದು ಅತ್ತೆಯವರೇ ಹೇಳಿದರು. ಊರಿನ ಎಳ್ಳು, ಊರಿನ ಬೆಲ್ಲ, ಊರಿನ ಕಡಲೆಕಾಯಿ ಬೀಜ ಇದ್ದುವು. ಕೊಬ್ಬರಿ, ಹುರಿಗಡಲೆಯನ್ನು ಶೆಟ್ಟರಲ್ಲಿ ಬರೆಸಿ ತಂದೆವು. ಮಗಳು ಹಳೆಯ ರೇಷ್ಮೆ ಲಂಗ ಉಟ್ಟು ತಟ್ಟೆ ಹಿಡಿದು ಬೀದಿಯಲ್ಲಿ ಎಳ್ಳು ಬೀರಿ ಬಂದವಳು, "ಅಮ್ಮ, ಯಾರ ಮನೇಲೂ ಅಚ್ಚಿಲ್ಲ" ಎಂದು ಸಮಾಧಾನದಿಂದ ಹೇಳಿದಳು. ಮಗುವಿಗೆ ಇಲ್ಲವೆಂಬುದು ದುಃಖವಲ್ಲ, ತನಗೊಬ್ಬಳಿಗೇ ಇಲ್ಲವೆಂಬುದು ದುಃಖ. ಆ ವರ್ಷ ನಮ್ಮ ಬೀದಿಯ ಮಕ್ಕಳಿಗೆ ಆ ದುಃಖವಿರಲಿಲ್ಲ.

ಇನ್ನು ನನ್ನ ವಿಷಯ. ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಸಂಜೆಯ ಹೊತ್ತಿಗೆ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವುದು, ಕುಳಿತು ಏಳುವಾಗ ಕಣ್ಣು ಕತ್ತಲೆಗಟ್ಟುವುದು, ಚಳಿಗೆ ಎಲ್ಲರಿಗಿಂತ ಹೆಚ್ಚಾಗಿ ಕೈಕಾಲು ತಣ್ಣಗಾಗುವುದು, ಇವೆಲ್ಲ ದುಡಿಯುವ ಹೆಂಗಸಿನ ಸಹಜ ಧರ್ಮವೆಂದೇ ನಮ್ಮ ಸಾಲಿನಲ್ಲಿ ಎಲ್ಲರೂ ತಿಳಿದಿದ್ದೆವು. ಮುಷ್ಕರದಿಂದ ಹಗಲು ಹೊತ್ತು ನಾನು ಮನೆಯಲ್ಲಿದ್ದುದರಿಂದ ಅತ್ತೆಯವರು ನನ್ನನ್ನು ಬೆಳಕಿನಲ್ಲಿ ನೋಡುವಂತಾಯಿತು. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳ ಕೈಯನ್ನು ಹಿಡಿದು ಉಗುರನ್ನು ಒತ್ತಿ ನೋಡಿ, "ಇದರಲ್ಲಿ ರಕ್ತವೇ ಇಲ್ಲವಲ್ಲೇ ತಾಯಿ. ನಡಿ, ಡಾಕ್ಟ್ರ ಹತ್ರ ಹೋಗೋಣ" ಎಂದರು. ಕಾಸಿನ ಮಾತೆತ್ತಿದೆ. "ದೊಡ್ಡಾಸ್ಪತ್ರೇಲಿ ಕಾಸು ಕೇಳಲ್ಲ" ಎಂದು ಸೆರಗು ಸರಿಮಾಡಿಕೊಂಡು ಅವರೇ ಮುಂದೆ ಹೊರಟರು.

ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿ ಅಂದು ನನ್ನನ್ನು ನೋಡಿದ ವೈದ್ಯೆ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು, ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕಾದಲ್ಲಿ 8 ಇತ್ತು. ಅವರು ಕೇಳಿದ ಪ್ರಶ್ನೆಗಳು ಈಗಲೂ ನೆನಪಿವೆ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡುತ್ತೀಯಾ? ಸೊಪ್ಪಿನ ಸಾರು ನಿನ್ನ ತಟ್ಟೆಗೆ ಬರುವ ಹೊತ್ತಿಗೆ ಅದರಲ್ಲಿ ಸೊಪ್ಪು ಉಳಿದಿರುತ್ತದೆಯೇ? ಊಟವಾದ ಕೂಡಲೇ ಟೀ ಕುಡಿಯುತ್ತೀಯಾ? ಎಲ್ಲಕ್ಕೂ ನನ್ನ ಪರವಾಗಿ ಅತ್ತೆಯವರೇ ಉತ್ತರ ಕೊಟ್ಟರು, ಮತ್ತು ಕೊಡುತ್ತ ಕೊಡುತ್ತ ಅವರ ಧ್ವನಿ ತಗ್ಗಿತು. ಕಬ್ಬಿಣದ ಸತ್ತ್ವದ ಮಾತ್ರೆಗಳನ್ನು ಕೊಟ್ಟು, ಊಟದ ಜೊತೆಗೆ ನಿಂಬೆಹುಳಿ ಸೇರಿಸಬೇಕೆಂದೂ, ಟೀಯನ್ನು ಊಟದಿಂದ ದೂರವಿಡಬೇಕೆಂದೂ, ಮಾತ್ರೆಯನ್ನು ಆಯಾಸ ಹೋದ ಮೇಲೆಯೂ ತಿಂಗಳುಗಟ್ಟಲೆ ಬಿಡಬಾರದೆಂದೂ ಹೇಳಿ ಕಳುಹಿಸಿದರು.

ಆ ರಾತ್ರಿ ಅತ್ತೆಯವರು ಮಣೆ ಹಾಕಿ, ಮಗನನ್ನೂ ಮೊಮ್ಮಕ್ಕಳನ್ನೂ ಕಾಯಿಸಿ, ಮೊದಲು ನನ್ನನ್ನು ಕೂರಿಸಿದರು. ನಾನು ಸಂಕೋಚಪಟ್ಟು ಏಳಹೋದಾಗ, "ನೀನು ಬಿದ್ದುಹೋದರೆ ಈ ಮನೇಲಿ ಒಲೆ ಹತ್ತೋದಿಲ್ಲ. ಸುಮ್ನೆ ಕೂತ್ಕೊಂಡು ಉಣ್ಣು" ಎಂದು ಕಡ್ಡಿ ಮುರಿದಂತೆ ಹೇಳಿ, ಮುದ್ದೆಯ ಮೇಲೆ ಬಸ್ಸಾರನ್ನು ಗಟ್ಟಿಯಾಗಿ ಬಡಿಸಿ, ಪಲ್ಯವನ್ನು ಪಕ್ಕಕ್ಕಿಟ್ಟರು. ನಮ್ಮ ಮನೆಯವರು ಎದ್ದು ಹೋಗಿ ನಿಂಬೆಹಣ್ಣು ಕೊಯ್ದು ತಂದರು. ಅಂದಿನಿಂದ ಅತ್ತೆಯವರು ತೀರಿಹೋಗುವವರೆಗೂ ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವ ಹೆಂಗಸು ಎಂಬುವಳು ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂರುವ ಪದ್ಧತಿ ಬಂತು. ಮರುದಿನ ಲೆಕ್ಕದ ಪುಸ್ತಕದ ಬಲಗಡೆಯಲ್ಲಿ ನನ್ನ ಹೆಸರಿನಲ್ಲಿ ಮೊದಲ ಖರ್ಚು ಬರೆದೆ. ಸೊಪ್ಪು, ನಿಂಬೆಹಣ್ಣು. ದುಡಿದು ತಂದವಳ ಹೆಸರು ಅಷ್ಟು ವರ್ಷಗಳಲ್ಲಿ ಆ ಬದಿಗೆ ಒಮ್ಮೆಯೂ ಬಂದಿರಲಿಲ್ಲ.

ಮಾರ್ಚ್ ತಿಂಗಳಿನಲ್ಲಿ ಕಾರ್ಖಾನೆ ತೆರೆಯಿತು. ಚೀಟಿ ನಿಂತ ಕಡೆಯಿಂದ ಮುಂದುವರಿಯಿತು. ಶೆಟ್ಟರ ಸಾಲ ತೀರುವುದಕ್ಕೆ ಆ ವರ್ಷದ ದೀಪಾವಳಿಯವರೆಗೂ ಹಿಡಿಯಿತು, ಸರ ಮರಳಿ ಬಂದದ್ದು ಇನ್ನೂ ತಡವಾಗಿ. ಅನಿಲದ ಒಲೆ ಬಂದ ಚಳಿಗಾಲದಲ್ಲಿ ಮಗ ರಾತ್ರಿ ಎದ್ದು ಕುಳಿತದ್ದು ಬಹಳ ಕಡಿಮೆ. ಬೆಳೆಯುತ್ತ ಬೆಳೆಯುತ್ತ ಉಬ್ಬಸ ಅವನನ್ನು ಬಿಟ್ಟಿತು. ನನ್ನ ಸಾಲಿನ ಹೆಂಗಸರಿಗೆ ನಾನು ಒಬ್ಬೊಬ್ಬರಿಗೇ ಹೇಳಿ ರಕ್ತಪರೀಕ್ಷೆಗೆ ಕಳುಹಿಸಿದೆ. ಹೋದವರಲ್ಲಿ ಹಲವರು ಮಾತ್ರೆಯ ಪೊಟ್ಟಣ ಹಿಡಿದು ಬಂದರು. ನಾವು ಗಡಿಯಾರ ಜೋಡಿಸಿದ ಆ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಅದರ ನೆನಪಿಗೆ ಒಂದು ವಸ್ತುಸಂಗ್ರಹಾಲಯವಿದೆ. ಮೊಮ್ಮಗಳೊಡನೆ ಹೋಗಿ ನೋಡಿ ಬಂದೆ.

ಯಲಹಂಕ ಉಪನಗರದಲ್ಲಿ ಈಗ ನನ್ನ ವಾಸ. ಧನುರ್ಮಾಸದ ಬೆಳಗಿನಲ್ಲಿ ಗಂಟೆಯ ನಾದ ಕೇಳಿ ಎದ್ದು ಬಾಗಿಲಿಗೆ ಬಂದರೆ, ಮಂಜಿನೊಳಗೆ ಸ್ವೆಟರಿನ ಮೇಲೆ ಸೆರಗು ಹೊದ್ದು ನಡೆದು ಬರುವ ಹೆಂಗಸರು ಇಂದಿಗೂ ಕಾಣುತ್ತಾರೆ. ಕೋಗಿಲು, ಅಳ್ಳಾಳಸಂದ್ರದ ಕಡೆಗಳಿಂದ ಎತ್ತರದ ಮನೆಗಳ ಕೆಲಸಕ್ಕೆ ಬರುವವರು, ಗಾರ್ಮೆಂಟ್ಸಿನ ವಾಹನಕ್ಕೆ ಕಾಯುವವರು, ಬೀದಿ ಗುಡಿಸುವ ಪೌರಕಾರ್ಮಿಕರು, ಹೆಬ್ಬಾಳದ ಕಡೆಯ ಆಸ್ಪತ್ರೆಗಳ ದಾದಿಯರು. ಅವರ ಮನೆಗಳಿಗೆ ಅನಿಲ ಬಂದಿದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. ಹಾಗೆ ಉಳಿದ ಹಣ ಮಕ್ಕಳ ಹಾಲಿಗೂ ಔಷಧಿಗೂ ಹೋಗುತ್ತದೆಂದು ನಮ್ಮ ಮನೆಯ ಕೆಲಸಕ್ಕೆ ಬರುವ ಹುಡುಗಿ ಹೇಳಿದಾಗ ನನಗಾದ ಸಂತೋಷ ಸಾಮಾನ್ಯವಲ್ಲ. ಆದರೆ ಅವಳ ಉಗುರನ್ನು ಒತ್ತಿ ನೋಡಿದರೆ ಅದೇ ಬಿಳುಪು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿದೆ. ಒಲೆ ಬದಲಾಯಿತು, ಬಸ್ಸು ಬದಲಾಯಿತು, ಸಂಬಳ ಬರುವ ಬಗೆ ಬದಲಾಯಿತು. ತಾಯಿಯ ತಟ್ಟೆ ಇನ್ನೂ ಕೊನೆಯಲ್ಲಿದೆ.

ಇದನ್ನು ಓದುವ ಗಂಡಸರಲ್ಲಿಯೂ ಬೆಳೆದ ಮಕ್ಕಳಲ್ಲಿಯೂ ನನ್ನದೊಂದು ಪ್ರಾರ್ಥನೆ. ಈ ಸಂಕ್ರಾಂತಿಗೆ ಮುಂಚೆ ನಿಮ್ಮ ಮನೆಯ ದುಡಿಯುವ ಹೆಣ್ಣುಮಗಳನ್ನು, ನಿಮ್ಮ ಮನೆಗೆ ದುಡಿಯಲು ಬರುವ ಹೆಣ್ಣುಮಗಳನ್ನೂ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿ. ಅವಳೇ ಹೋಗಲೆಂದು ಬಿಡಬೇಡಿ, ಅವಳು ಹೋಗುವುದಿಲ್ಲ. ಪರೀಕ್ಷೆಗೆ ಹಣ ಕೇಳುವುದಿಲ್ಲ, ಮಾತ್ರೆಯನ್ನೂ ಅಲ್ಲಿಯೇ ಕೊಡುತ್ತಾರೆ.